ಏಳನೇ ಮಿಷನ್ನಿನ ಎರಡನೇ ಕಂಪೈಲರ್

ಮೊನ್ನೆ ಮಗಳ ಸ್ವೆಟರ್ ಹುಡುಕಲು ಟ್ರಂಕ್ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಬೇರೆಯವರಿಗೆ ಆ ವಾಸನೆ ಬಂದರೆ ಅಜ್ಜಿಯ ಸೀರೆ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಕನಕಪುರದಲ್ಲಿ ನಾನು ಡಿಗ್ರಿ ಓದಿದ ಕಾಲೇಜಿನ ಕಂಪ್ಯೂಟರ್ ಲ್ಯಾಬು, ಮತ್ತು ಅದನ್ನು ನೋಡಿಕೊಳ್ಳುತ್ತಿದ್ದ ಲ್ಯಾಬ್ ಸಾರ್. ಇಲಿ ಬರಬಾರದೆಂದು ಅವರು ಪ್ರತಿ ಸಿಪಿಯು ಡಬ್ಬದೊಳಗೂ ನಾಲ್ಕು ಗುಳಿಗೆ ಹಾಕಿಡುತ್ತಿದ್ದರು. ಇಲಿಗಳು ಆ ಗುಳಿಗೆಯ ಪಕ್ಕದಲ್ಲೇ ಮರಿ ಹಾಕಿದವು. ಆ ಮನುಷ್ಯ ಮಾಡಿದ ಬೇರೆ ಯಾವ ಕೆಲಸವೂ ಇದಕ್ಕಿಂತ ಚೆನ್ನಾಗಿ ನಡೆದದ್ದನ್ನು ನಾನಂತೂ ಕಾಣೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಅವರು ಹೋಗಿ ಒಂದು ತಿಂಗಳಾಯಿತು. ಆಡದೆ ಇರಲು ನನ್ನಿಂದ ಆಗುತ್ತಿಲ್ಲ.

ಲ್ಯಾಬಿಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕಿತ್ತು. ಆಯುಧಪೂಜೆಗೆ ಮಾನಿಟರಿನ ನೆತ್ತಿಗೆ ಹಚ್ಚಿದ ಕುಂಕುಮವನ್ನು ದೀಪಾವಳಿಯವರೆಗೂ ಯಾರೂ ಒರೆಸಕೂಡದು. ಇಷ್ಟು ಭಕ್ತಿ ಇಟ್ಟುಕೊಂಡವರಿಗೆ ವಿದ್ಯೆ ಎಷ್ಟಿತ್ತು ಅಂದರೆ, ಹದಿನಾರು ಪ್ರೋಗ್ರಾಮುಗಳ ಒಂದು ಜೆರಾಕ್ಸ್ ಕಟ್ಟು. ಅದು ಅವರ ವೇದ. ನಾವು ಅದನ್ನು ಗಿಳಿಪಾಠ ಮಾಡಬೇಕು, ಬರಬೇಕಾದ ಉತ್ತರವನ್ನು ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ನೋಡಿ ಬರೆದುಕೊಳ್ಳಬೇಕು. ಮಿಷನ್ ಆನ್ ಮಾಡದೆಯೂ ಆಗುವ ಕೆಲಸ. ಯಾಕೆ ಸಾರ್ ಹೀಗೆ ಎಂದು ಕೇಳಿದರೆ ಒಂದೇ ಉತ್ತರ: “ಇರಾದ್ನ ಬರ್ಕೊಳಮ್ಮ. ತಲೆ ಓಡುಸ್ಬ್ಯಾಡ.”

ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವುದೇ ಕಂಪೈಲರ್. ನಮ್ಮ ಲ್ಯಾಬಿನಲ್ಲಿದ್ದದ್ದು ಓಬೀರಾಯನ ಕಾಲದ್ದು. ಪಠ್ಯಪುಸ್ತಕದಲ್ಲಿದ್ದ ಹೊಸ ಪ್ರೋಗ್ರಾಮುಗಳು ಅದಕ್ಕೆ ಅರ್ಥವೇ ಆಗುತ್ತಿರಲಿಲ್ಲ. ಹಳೆಯದನ್ನು ತೆಗೆಯದೆ ಅದರ ಜೊತೆಗೇ ಹೊಸದೊಂದನ್ನು ಸೇರಿಸಬಹುದು, ಬೇಕಾದಾಗ ಬೇಕಾದ್ದನ್ನು ಆರಿಸಿಕೊಳ್ಳಬಹುದು ಎಂದು ನಾನು ಸೈಬರ್ ಸೆಂಟರಿನಲ್ಲಿ ಕಲಿತುಕೊಂಡು ಬಂದಿದ್ದೆ. ಸಾರ್ ಹತ್ತಿರ ಹೋಗಿ ಹೇಳಿದೆ.

“ಒಂದ್ ಮಿಷನ್‌ಗೆ ಒಂದೇ ಕಂಪೈಲರ್ ಕಣಮ್ಮ,” ಅಂದರು. “ಎರಡು ಹಾಕುದ್ರೆ ಒಂದಕ್ಕೊಂದು ಕಿತ್ತಾಡ್ತವೆ. ಮುಟ್ಟುದೋರ ಇಂಟರ್ನಲ್ ಮಾರ್ಕ್ಸ್ ಸೊನ್ನೆ ಮಾಡ್ಬುಡ್ತೀನಿ, ಗ್ಯಾನ ಇರ್ಲಿ.”

ನನಗೆ ನಗು ಬಂತು. ಇವರ ಮಾತು ಯಾರು ಕೇಳುತ್ತಾರೆ ಎಂದು ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಪೆನ್‌ಡ್ರೈವಿನಲ್ಲಿ ಹೊಸ ಕಂಪೈಲರ್ ತಂದು, ಮೂಲೆಯಲ್ಲಿದ್ದ ಏಳನೇ ಮಿಷನ್‌ಗೆ ಹಾಕಿದೆ. ಸೆಟ್ಟಿಂಗ್ಸ್ ತೆರೆದು, ಅದು ಯಾವ ಫೋಲ್ಡರಿನಲ್ಲಿದೆ ಎಂದು ತೋರಿಸಿ, ಇನ್ನು ಮುಂದೆ ಇದೇ ಮೊದಲು ಎಂದು ಗುರುತು ಹಾಕಿದೆ. ಒಂದು ಪ್ರೋಗ್ರಾಮ್ ಓಡಿಸಿ ನೋಡಿದೆ, ಓಡಿತು. ಹಳೆಯದನ್ನು ಮತ್ತೆ ಮೊದಲಿಗೆ ತರಬೇಕು ಅನ್ನುವಷ್ಟರಲ್ಲಿ ಅಟೆಂಡರ್ ಬೀಗ ಹಿಡಿದುಕೊಂಡು ಬಂದ. ಎದ್ದು ಹೋದೆ. ಆಮೇಲೆ ಮರೆತೇಬಿಟ್ಟೆ...

ಮಾರನೆಯ ದಿನ ಚೀಟಿ ಎತ್ತಿದಾಗ ಏಳನೇ ಮಿಷನ್ ಬಂದದ್ದು ನನ್ನ ಗೆಳತಿಗೆ. ಮರಳವಾಡಿ ಕಡೆಯ ಹುಡುಗಿ, ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು, ಮೂರು ವರ್ಷ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಬಿಡದಿಯ ಒಂದು ಫ್ಯಾಕ್ಟರಿ ಆಫೀಸಿನಲ್ಲಿ ಅವಳಿಗೆ ಕೆಲಸ ಆಗಿತ್ತು. ಪಾಸಾದ ಮಾರ್ಕ್ಸ್ ಕಾರ್ಡ್ ಕೊಟ್ಟು ಸೇರಿಕೊಳ್ಳುವುದೊಂದೇ ಬಾಕಿ. ಹದಿನಾರೂ ಪ್ರೋಗ್ರಾಮುಗಳನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಅವಳು ಸರಿಯಾಗಿಯೇ ಟೈಪ್ ಮಾಡಿದ್ದಳು. ಪರದೆಯ ತುಂಬ ಎರರ್. ಆ ಹಳೇ ಕಾಲದ ಪ್ರೋಗ್ರಾಮನ್ನು ಹೊಸ ಕಂಪೈಲರ್ ಒಪ್ಪಲಿಲ್ಲ. ಎರಡು ಮಿಷನ್ ಆಚೆ ಕೂತಿದ್ದ ನನಗೆ ಆ ಕೆಂಪು ಸಾಲು ಕಂಡ ತಕ್ಷಣ ಗೊತ್ತಾಯಿತು. ಸೆಟ್ಟಿಂಗ್ಸ್ ತೆರೆದು ಹಳೆಯದರ ಹೆಸರು ಆರಿಸಿದರೆ ಮುಗಿಯಿತು. ಅರ್ಧ ನಿಮಿಷದ ಕೆಲಸ.

ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೆ ಸಾರ್ ಬಿಡದಿಯಿಂದ ತಟ್ಟೆ ಇಡ್ಲಿ ತರಿಸಿದ್ದರು. ಆ ಪೊಟ್ಟಣ ಕೈಯಲ್ಲಿ ಹಿಡಿದೇ ಓಡಿ ಬಂದರು. ಮಿಷನ್ ಆಫ್ ಮಾಡಿ ಆನ್ ಮಾಡಿದರು. ಕೀಬೋರ್ಡ್ ಬೋರಲು ಹಾಕಿ ತಟ್ಟಿದರು. ಮತ್ತೆ ಆಫ್ ಮಾಡಿದರು. ಖಾಲಿ ಮಿಷನ್ ಇನ್ನೊಂದಿರಲಿಲ್ಲ. ಏನಾಯಿತು ಎಂದು ಪರೀಕ್ಷಕರು ಎದ್ದು ಬಂದರು.

“ಮಿಷನ್ ಸರಿಯಾಗೇ ಐತೆ ಸಾರ್,” ಅಂದರು ನಮ್ಮ ಸಾರ್. “ಈ ಹುಡ್ಗೀನೇ ಏನೋ ಒತ್ಬುಟ್ಟವ್ಳೆ.”

“ಇಲ್ಲ ಸಾರ್, ನಾನೇನೂ ಮುಟ್ಟಿಲ್ಲ,” ಅಂದಳು ಅವಳು. ಅಳು ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದವರು ಸಾರ್ ಸರಿ, ಎತ್ತು ಯಾರು ಎಂದು ನನಗೆ ಗೊತ್ತಿತ್ತು. ಬಾಯಲ್ಲಿ ಬೆರಳಿಟ್ಟರೆ ಕಚ್ಚದವಳ ಹಾಗೆ ತಲೆ ತಗ್ಗಿಸಿ ನನ್ನ ಪ್ರೋಗ್ರಾಮ್ ಟೈಪ್ ಮಾಡಿದೆ.

ಅವಳು ಫೇಲಾದಳು. ಫ್ಯಾಕ್ಟರಿಯವರು ಮರುಪರೀಕ್ಷೆಯವರೆಗೆ ಕಾಯಲಿಲ್ಲ. ನಾನು ಕಾಲೇಜಿಗೇ ಮೊದಲು ಬಂದೆ. ಅದೇ ಅಂಕಗಳಿಂದ ಮುಂದೆ ಓದಿ, ಈಗ ಇನ್ನೊಂದು ಕಾಲೇಜಿನಲ್ಲಿ ಇದೇ ಪಾಠ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ರಾಮನಗರದ ಒಂದು ಛತ್ರದಲ್ಲಿ, ಮದುವೆ ಊಟದ ಸಾಲಿನಲ್ಲಿ ಸಾರ್ ಸಿಕ್ಕಿದರು. ರಿಟೈರ್ ಆಗಿದ್ದರು. ಪಕ್ಕದಲ್ಲೇ ಕೂರಿಸಿಕೊಂಡರು. ಎಲೆಗೆ ಪಾಯಸ ಬಿದ್ದ ಮೇಲೆ ತಗ್ಗಿದ ದನಿಯಲ್ಲಿ ಅಂದರು: “ಅದು ನಿನ್ ಕೆಲ್ಸ ಅಂತ ನಂಗೆ ಅವತ್ತೇ ಗೊತ್ತಾಯ್ತು ಕಣಮ್ಮ. ನೀನೇ ಬಂದು ಕೇಳಿದ್ಯಲ್ಲ. ಫಸ್ಟ್ ಬರೋ ಹುಡ್ಗಿ, ನಿನ್ ಹೆಸ್ರು ಹೇಳುದ್ರೆ ಕಾಲೇಜ್‌ಗೇ ಕೆಟ್ಟೆಸ್ರು. ಅದು ಪಾಸಾದ್ರೆ ಸಾಕು ಅನ್ನೋ ಹುಡ್ಗಿ... ಅದ್ಕೇ ಅದ್ರ ಮ್ಯಾಲೆ ಹಾಕ್ಬುಟ್ಟೆ.”

ಉಪಕಾರ ಮಾಡಿದವರ ಮುಖ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ದಡ್ಡರು ಅಂದುಕೊಂಡಿದ್ದೆ ಇಷ್ಟು ವರ್ಷ. ದಡ್ಡರಾಗಿದ್ದರೆ ಕ್ಷಮಿಸಬಹುದಿತ್ತು. ಎಲೆಯ ಮುಂದಿನಿಂದ ಎದ್ದು ಉಗಿಯಬೇಕು ಅನ್ನಿಸಿತು.

“ಥ್ಯಾಂಕ್ಸ್ ಸಾರ್,” ಅಂದೆ. ಊಟ ಮುಗಿಸಿದೆ.

ಹೋದ ತಿಂಗಳು ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋಗೆ ಹೂವಿನ ಹಾರ ಬಿತ್ತು. ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ಆ ಗುಂಪಿನಲ್ಲಿ ಅವಳಿಲ್ಲ, ಅವಳ ನಂಬರ್ ಯಾರ ಹತ್ತಿರವೂ ಇಲ್ಲ, ನಾನು ಹುಡುಕಿಯೂ ಇಲ್ಲ. ಗಾಬರಿಯಲ್ಲಿ ತಾನೇ ಏನೋ ಒತ್ತಿರಬೇಕು ಎಂದು ಅವಳೂ ಇಷ್ಟರಲ್ಲಿ ನಂಬಿಕೊಂಡಿರಬಹುದು. ಅವಳು ಏನನ್ನೂ ಮುಟ್ಟಿರಲಿಲ್ಲ ಎಂದು ಖಚಿತವಾಗಿ ಗೊತ್ತಿದ್ದವರು ಸಾರ್ ಮತ್ತು ನಾನು, ಇಬ್ಬರೇ. ಈಗ ನಾನೊಬ್ಬಳೇ ಉಳಿದಿದ್ದೇನೆ, ನನ್ನ ಬಾಯಿ ಎಂಥದ್ದು ಎಂದು ನನಗೆ ಗೊತ್ತು.