ಅವರನ್ನು ಕರೆದದ್ದು ನಾನಲ್ಲ

ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು. ಯಾರಾದರೂ ಬಂದು 'ನಿನ್ನೆ ಸ್ಕ್ರೀನ್ ತಾನಾಗಿಯೇ ಬದಲಾಯಿತು' ಎಂದರೆ 'ಇನ್ನೊಂದು ಸಲ ಮಾಡಿ ತೋರಿಸಿ' ಎನ್ನುತ್ತೇನೆ. ತೋರಿಸಲಾಗದಿದ್ದರೆ ಆ ದೂರನ್ನು ಅಲ್ಲಿಗೇ ಮುಚ್ಚುತ್ತೇನೆ. ದೆವ್ವ, ಶಕುನ, ಅಶರೀರವಾಣಿ ಎಲ್ಲವನ್ನೂ ಇಪ್ಪತ್ತು ವರ್ಷ ಹೀಗೆಯೇ ಮುಚ್ಚಿಕೊಂಡು ಬಂದವಳು ನಾನು. ಪಾರ್ಟಿಗಳಲ್ಲಿ ಯಾರಾದರೂ ತಮ್ಮ ಊರಿನ ದೆವ್ವದ ಕಥೆ ಶುರು ಮಾಡಿದರೆ ತಟ್ಟೆ ಹಿಡಿದುಕೊಂಡು ಅಡುಗೆಮನೆ ಕಡೆಗೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವೂ ತಟ್ಟೆ ಹಿಡಿದು ಎದ್ದರೆ ನನಗೆ ಬೇಸರವಿಲ್ಲ.

ನಮ್ಮ ಮನೆ ಇರುವುದು ಡಲ್ಲಾಸ್‌ನ ಉತ್ತರಕ್ಕಿರುವ ಅಲೆನ್‌ನಲ್ಲಿ. ಮಗಳು ಹ್ಯೂಸ್ಟನ್‌ನಲ್ಲಿ ಓದುತ್ತಾಳೆ. ಮನೆಯಲ್ಲಿ ನಾನು, ನನ್ನ ಗಂಡ, ಮತ್ತು ಅತ್ತೆ. ಅತ್ತೆ ವಿಜಯಪುರದವರು. ಈ ಘಟನೆ ನಡೆದಾಗ ಅವರಿಗೆ ಎಪ್ಪತ್ತೆಂಟು. ಮಂಡಿ ಎರಡೂ ಹೋಗಿವೆ, ವಾಕರ್ ಇಲ್ಲದೆ ನಾಲ್ಕು ಹೆಜ್ಜೆ ಇಡಲಾರರು. ಕಿವಿಯಂತೂ ಪೂರಾ ಮಂದ. ಕಿವಿಯ ಮಷೀನ್ ತೆಗೆದಿಟ್ಟರೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ಅವರಿಗೆ ತಿಳಿಯುವುದಿಲ್ಲ. ನಾನು ಮೈಸೂರಿನವಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವರ ಕಡೆಯ ಕನ್ನಡ ನನ್ನ ನಾಲಿಗೆಗೆ ಹತ್ತಲಿಲ್ಲ. ಪ್ರಯತ್ನ ಪಟ್ಟಾಗಲೆಲ್ಲ ಅತ್ತೆಯೇ ನಕ್ಕು, 'ಬ್ಯಾಡವಾ, ನಿನ್ನ ಬಾಯಾಗ ಅದು ನಾಟಕದವರು ಮಾತಾಡಿಧಂಗ ಕೇಳಸ್ತದ' ಎಂದು ಬಿಡಿಸಿದ್ದರು.

ಇಲ್ಲಿನ ಮನೆಗಳಿಗೆ ನೆಲಮಾಳಿಗೆ ಇರುವುದಿಲ್ಲ. ಟಾರ್ನೆಡೊ, ಅಂದರೆ ಮನೆ ಕಿತ್ತೊಯ್ಯುವ ಸುಂಟರಗಾಳಿ, ಬಂದರೆ ಕಿಟಕಿಯಿಲ್ಲದ ಒಳಗಿನ ಕೋಣೆಯೊಂದರಲ್ಲಿ, ಕಾಲಿಗೆ ಗಟ್ಟಿ ಶೂ ಹಾಕಿಕೊಂಡು, ನೆಲಕ್ಕೆ ಅಂಟಿ ಕೂರಬೇಕು. ನಮ್ಮ ಮನೆಯಲ್ಲಿ ಅಂಥ ಕೋಣೆ ಒಂದೇ, ಮೆಟ್ಟಿಲಿನ ಕೆಳಗಿನದು. ಅದು ನಮ್ಮ ದೇವರ ಮನೆ. ಚಪ್ಪಲಿ ಹಾಕಿಕೊಂಡು ಅಲ್ಲಿಗೆ ಹೋಗುವ ಮಾತೆತ್ತಿದಾಗ ಅತ್ತೆ ನಮ್ಮಿಬ್ಬರನ್ನೂ ನೋಡಿದ ನೋಟ ಇನ್ನೂ ನೆನಪಿದೆ. ಹಾಗಾಗಿ ಶೂ ವಿಷಯ ತೀರ್ಮಾನವಾಗದೆ ಉಳಿದಿತ್ತು.

ಈ ಘಟನೆಯ ಹಿಂದಿನ ವರ್ಷ ಒಮ್ಮೆ ಟಾರ್ನೆಡೊ ಎಚ್ಚರಿಕೆಗೆಂದು ಫೋನ್ ಕಿರುಚಿಕೊಂಡಾಗ ನಾನು ಹೆದರಿ ಅತ್ತೆಯನ್ನು ನಿದ್ದೆಯಿಂದೆಬ್ಬಿಸಿ ಆ ಕೋಣೆಗೆ ಕರೆದುಕೊಂಡು ಹೋಗಿದ್ದೆ. ಒಂದು ಗಂಟೆ ನೆಲದ ಮೇಲೆ ಕೂತೆವು. ಹೊರಗೆ ನಾಲ್ಕು ಎಲೆ ಅಲ್ಲಾಡಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆಮೇಲೆ ಅವರಿಗೆ ಏಳಲಾಗಲಿಲ್ಲ. ನನ್ನೊಬ್ಬಳ ಕೈಯಲ್ಲಿ ಎತ್ತಲೂ ಆಗಲಿಲ್ಲ. ಕೊನೆಗೆ ಪಕ್ಕದ ಮನೆಯ ಇಬ್ಬರು ಗಂಡಸರನ್ನು ಕರೆಸಿ ಎತ್ತಿಸಬೇಕಾಯಿತು. ಗುರುತಿಲ್ಲದ ಗಂಡಸರು ಕಂಕುಳಿಗೆ ಕೈಹಾಕಿ ಎತ್ತಿದರೆಂದು ಅತ್ತೆ ಆವತ್ತು ಊಟ ಬಿಟ್ಟು ಅತ್ತರು. 'ಇನ್ನಮ್ಯಾಲೆ ಖರೇ ಬಂದಾಗಷ್ಟ ಎಬ್ಬಸವಾ' ಎಂದರು.

ಖರೇ ಬಂದದ್ದು ಯಾವಾಗ ಎಂದು ತಿಳಿಯುವುದು ಹೇಗೆ? ಅದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದು ಏಪ್ರಿಲ್ ತಿಂಗಳ ಒಂದು ಸಂಜೆ, ಐದು ಗಂಟೆ ಸುಮಾರು. ಗಂಡ ಆಫೀಸಿನ ಕೆಲಸಕ್ಕೆಂದು ಆಸ್ಟಿನ್ ಹತ್ತಿರದ ರೌಂಡ್ ರಾಕ್‌ಗೆ ಹೋಗಿದ್ದರು. ಅತ್ತೆ ಹಾಲ್‌ನಲ್ಲಿ, ಹಿತ್ತಿಲಿನ ಗಾಜಿನ ಬಾಗಿಲ ಪಕ್ಕದ ಒರಗು ಕುರ್ಚಿಯಲ್ಲಿ ಮಲಗಿದ್ದರು. ಕಿವಿಯ ಮಷೀನ್ ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜ್ ಆಗುತ್ತಿತ್ತು. ಮಧ್ಯಾಹ್ನದಿಂದಲೇ 'ವಾಚ್' ಇತ್ತು, ಅಂದರೆ ಬಂದರೂ ಬರಬಹುದು ಎಂದು. ಐದಕ್ಕೆ ಅದು 'ವಾರ್ನಿಂಗ್' ಆಯಿತು, ಅಂದರೆ ಬಂದೇಬಿಟ್ಟಿದೆ, ಒಳಗೆ ಸೇರಿ ಎಂದು. ಫೋನ್ ಕಿರುಚಿತು, ಅದರ ಹಿಂದೆಯೇ ಊರಿನ ಸೈರನ್. ಗಂಡನ ಫೋನ್ ಬಂತು.

"ವಾಚೋ ವಾರ್ನಿಂಗೋ?"

"ವಾರ್ನಿಂಗ್."

"ಮತ್ತೇನ್ ನೋಡ್ಲಿಕತ್ತೀ? ಅವ್ವನ್ನ ಎಬ್ಬಿಸಿ ಒಳಗ ಕರ್ಕೊಂಡ್ ಹೋಗು."

"ಐದು ನಿಮಿಷ ನೋಡ್ತೀನಿ ರೀ. ಮ್ಯಾಪಲ್ಲಿ ಇನ್ನೂ ತುಂಬ ದೂರ ಇದೆ."

ಅವರು ಏನೋ ಹೇಳುತ್ತಿರುವಾಗಲೇ ಲೈನ್ ಕಟ್ ಆಯಿತು. ಮತ್ತೆ ಸಿಗಲಿಲ್ಲ.

ನಾನು ಚಪ್ಪಲಿ ಮೆಟ್ಟಿಕೊಂಡು ಹಿತ್ತಿಲಿಗೆ ಹೋದೆ. ಆಕಾಶ ಹಳೆಯ ಹಿತ್ತಾಳೆ ಪಾತ್ರೆಯ ಕಿಲುಬಿನ ಬಣ್ಣಕ್ಕೆ ತಿರುಗಿತ್ತು. ಗಾಳಿಯೇ ಇಲ್ಲ. ಬೇಲಿಯಾಚೆ ಪಕ್ಕದ ಮನೆಯಾತ ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದ. ಅಷ್ಟರಲ್ಲಿ ಸೈರನ್ ನಿಂತಿತು. ನಿಂತಿತಲ್ಲ, ಗಂಡಾಂತರ ಕಳೆಯಿತು ಎಂದುಕೊಂಡೆ. ಸೈರನ್ ನಿಂತರೆ ಸೈರನ್ ನಿಂತಿತು ಎಂದಷ್ಟೇ ಅರ್ಥ ಎಂದು ಆಮೇಲೆ ತಿಳಿಯಿತು. ಅತ್ತೆಯನ್ನು ಎಬ್ಬಿಸುವುದು ಬೇಡ ಎಂದು ಆಗ, ಆ ಜಾಗದಲ್ಲಿ, ತೀರ್ಮಾನ ಮಾಡಿದೆ. ಅದರಲ್ಲಿ ಅವರ ಮೇಲಿನ ಕನಿಕರ ಎಷ್ಟು, ಮತ್ತೆ ಎತ್ತಿಸುವ ರಗಳೆ ಯಾರಿಗೆ ಬೇಕು ಎಂಬ ಸೋಮಾರಿತನ ಎಷ್ಟು, ಹೇಳಲಾರೆ. ಆದರೆ ಒಂದು ಮಾತನ್ನು ಆಣೆ ಇಟ್ಟು ಹೇಳಬಲ್ಲೆ. ನಾನು ಕರೆಯಲಿಲ್ಲ. ನನ್ನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ.

ಒಳಕ್ಕೆ ತಿರುಗಿ ನೋಡಿದರೆ ಕುರ್ಚಿ ಖಾಲಿ. ಪಕ್ಕದಲ್ಲಿ ವಾಕರ್ ನಿಂತಲ್ಲೇ ನಿಂತಿತ್ತು. ಗಾಜಿನ ಬಾಗಿಲು ಸರಿಸಿ ಒಳಗೆ ಬಂದೆ. ಅತ್ತೆ ಬರಿಗಾಲಲ್ಲಿ, ಗೋಡೆಗೆ ಕೈಯೂರಿಕೊಂಡು, ಹಿಂತಿರುಗಿ ನೋಡದೆ ದೇವರ ಮನೆಯ ಕಡೆ ನಡೆದು ಹೋಗುತ್ತಿದ್ದರು. ಅವಸರವಿರಲಿಲ್ಲ. ಯಾರೋ ಬಾ ಎಂದಿದ್ದಾರೆ, ಹೊರಟಿದ್ದೇನೆ ಎನ್ನುವಂಥ ನಡಿಗೆ. ಬಿದ್ದು ಸೊಂಟ ಮುರಿದುಕೊಂಡರೆ ಏನು ಗತಿ ಎಂದು ನಾನು ಬೈಯುತ್ತಲೇ ಹಿಂದೆ ಓಡಿದೆ. ನಾನು ಬಾಗಿಲು ಮುಟ್ಟುವ ಹೊತ್ತಿಗೆ ಅವರು ನೆಲದ ಮೇಲೆ ಕೂತುಬಿಟ್ಟಿದ್ದರು. ಆ ಮಂಡಿಗಳಲ್ಲಿ ಹೇಗೆ ಕೂತರೋ ಗೊತ್ತಿಲ್ಲ.

ಒಳಗೆ ಒಂದು ಕಾಲಿಟ್ಟಿದ್ದೆ ಅಷ್ಟೆ. ವಿಮಾನ ಇಳಿಯುವಾಗ ಆಗುತ್ತದಲ್ಲ, ಹಾಗೆ ಎರಡೂ ಕಿವಿ ಕಟ್ಟಿಕೊಂಡವು. ಬಾಗಿಲು ಎಳೆದುಕೊಂಡು ಅತ್ತೆಯ ಮೇಲೆ ಬಿದ್ದೆ. ದೀಪ ಹೋಯಿತು. ಆಮೇಲೆ ಬಂದ ಸದ್ದನ್ನು ವರ್ಣಿಸಲು ನನಗೆ ಬರುವುದಿಲ್ಲ. ಮನೆಯೇ ಹಲ್ಲು ಕಡಿಯುತ್ತಿತ್ತು. ದೇವರ ಮುಂದಿನ ಗಂಟೆ ಕತ್ತಲಲ್ಲಿ ತಾನಾಗಿಯೇ ಬಡಿದುಕೊಳ್ಳುತ್ತಿತ್ತು. ಬಾಗಿಲ ಕೆಳಗಿನ ಸಂದಿಯಿಂದ ಮಣ್ಣು ನುಗ್ಗಿ ಬಾಯಿಗೆಲ್ಲ ತುಂಬಿತು. ಸತ್ತೆ ಎಂದುಕೊಂಡೆ. ಮಗಳ ಮುಖ ಕಣ್ಣೆದುರು ಬಂತು ಎಂದು ಬರೆಯಬೇಕೆಂದು ಆಸೆ, ಆದರೆ ಏನೂ ಬರಲಿಲ್ಲ. ಭಯ ಒಂದೇ ಇತ್ತು. ಅತ್ತೆಯ ಸೀರೆ ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಚೀರಿದೆ.

ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಸದ್ದು ನಿಂತಿತು. ಕತ್ತಲಲ್ಲಿ ಅತ್ತೆಯ ಕೈ ನನ್ನ ಕಾಲಿಗೆ ತಗುಲಿತು, ಚಪ್ಪಲಿ ಮುಟ್ಟಿ ನೋಡಿತು. ಈಗ ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದೇ ಬೇರೆ.

"ಅಲ್ಲವಾ, ಅತ್ತೀನ್ನ ಹೆಸರ ಹಿಡದು ಕರೀತಾರೇನು?"

ನನಗೆ ಅರ್ಥವಾಗಲಿಲ್ಲ.

"ಇರ್ಲಿ, ಸಿಟ್ಟಿಲ್ಲ ನನಗ. ಆದ್ರ ಆ ಹೆಸರ ನಿನಗ ಯಾರ ಹೇಳಿದ್ರು? 'ಏಳ ತುಂಗಿ, ಒಳಗ ನಡಿ' ಅಂದ್ಯಲ್ಲ."

ನನ್ನ ಅತ್ತೆಯ ಹೆಸರು ಪದ್ಮಾವತಿ. ಪಾಸ್‌ಪೋರ್ಟ್‌ನಲ್ಲೂ ಅದೇ, ನಮ್ಮ ಮದುವೆಯ ಕರೆಯೋಲೆಯಲ್ಲೂ ಅದೇ. ಅವರ ಕಡೆ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ ಸೊಸೆಗೆ ಹೊಸ ಹೆಸರು ಬರೆಯುವ ಪದ್ಧತಿಯಿದೆ. ನನ್ನ ಮದುವೆಯಲ್ಲಿ ನಾನು ಒಪ್ಪಲಿಲ್ಲ. ಅತ್ತೆ ಅಕ್ಕಿಯ ತಟ್ಟೆಯನ್ನು ಒಳಗಿಟ್ಟು ಬಂದಿದ್ದರು. ಅವರಿಗೂ ಹಾಗೆಯೇ ತವರಿನ ಹೆಸರೊಂದು ಹೋಗಿತ್ತೆಂದು ನನಗೆ ಹೊಳೆದೇ ಇರಲಿಲ್ಲ. ಅವರ ಕಿವಿಗೆ ಬಾಯಿ ಹಚ್ಚಿ ಕೂಗಿದೆ. "ನಾನು ಕರೀಲಿಲ್ಲ ಅತ್ತೆ! ನಾನು ಹೊರಗಿದ್ದೆ!" ಕೇಳಿಸಿತೋ ಇಲ್ಲವೋ, ಅವರು ನನ್ನ ತಲೆ ಸವರಿದರು.

ನಾನೊಬ್ಬಳೇ ಹೊರಗೆ ಬಂದಾಗ ಹಾಲ್‌ನಲ್ಲಿ ಆಕಾಶ ಕಾಣುತ್ತಿತ್ತು. ಗಾಜಿನ ಬಾಗಿಲು ಇರಲಿಲ್ಲ. ಬೇಲಿಯ ಹಲಗೆಗಳು, ಯಾರದೋ ಮನೆಯ ಕಬ್ಬಿಣದ ಚೌಕಟ್ಟು ಎಲ್ಲ ಒಳಗೆ ಬಂದು ಅತ್ತೆಯ ಕುರ್ಚಿಯ ಮೇಲೆ ಬಿದ್ದಿದ್ದವು. ವಾಕರ್ ತಂತಿಯ ಹಾಗೆ ಬಾಗಿತ್ತು. ಅವರು ಅಲ್ಲಿ ಮಲಗಿದ್ದರೆ, ನಾನು ಹಿತ್ತಿಲಿನಲ್ಲಿ ನಿಂತಿದ್ದರೆ, ಏನಾಗುತ್ತಿತ್ತು ಎಂದು ನಾನು ಬರೆಯಬೇಕಾಗಿಲ್ಲ. ಬೇಲಿಯಾಚೆಯ ಮನುಷ್ಯ ಕೈ ಮುರಿದುಕೊಂಡು ಬದುಕಿದ. ನೆಲವೆಲ್ಲ ಗಾಜು. ಮತ್ತೆ ಒಳಗೆ ಹೋಗಿ ನನ್ನ ಚಪ್ಪಲಿ ಬಿಚ್ಚಿ ಅತ್ತೆಗೆ ತೊಡಿಸಿದೆ. ಸಹಾಯ ಬರುವವರೆಗೆ ಅವರು ದೇವರ ಮನೆಯಲ್ಲಿ, ಕಾಲಲ್ಲಿ ಚಪ್ಪಲಿಯೊಂದಿಗೇ ಕೂತಿದ್ದರು.

ಮಗಳು ಫೋನಿನಲ್ಲಿ, "ಬ್ಲೂಟೂತ್ ಅಮ್ಮಾ, ಸಿಂಪಲ್. ನಿನ್ನ ಕಾಲ್ ಅಜ್ಜಿ ಹಿಯರಿಂಗ್ ಏಡ್‌ಗೆ ಕನೆಕ್ಟ್ ಆಗಿರತ್ತೆ" ಎಂದಳು. ಮಷೀನ್ ಅಡುಗೆಮನೆಯಲ್ಲಿ, ಮುಚ್ಚಿದ ಡಬ್ಬಿಯೊಳಗಿತ್ತು. ಕನಸು ಬಿದ್ದಿರಬೇಕು, ನೆಲದ ಅದುರು ಮೈಗೆ ತಿಳಿದಿರಬೇಕು ಎಂದರು ಗಂಡ. ಆಗಬಹುದು. ಬೇರೆ ಯಾರಾದರೂ ಹೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ತುಂಗಿಯ ವಿಷಯ ಕೇಳಿದಾಗ ಅವರು "ಅವ್ವಗ ಬ್ಯಾರೆ ಹೆಸರಿತ್ತೇನು?" ಎಂದು ನನ್ನನ್ನೇ ಕೇಳಿದರು.

ಆಮೇಲೊಂದು ದಿನ, ಮಷೀನ್ ಹಾಕಿಕೊಂಡಿದ್ದಾಗ, ಅತ್ತೆಗೆ ಬಿಡಿಸಿ ಹೇಳಿದೆ. ನಾನು ನಿಮ್ಮನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ, 'ಒಳಗ ನಡಿ' ನನ್ನ ಕನ್ನಡವೇ ಅಲ್ಲ ಎಂದೆ. ಅವರು ನಕ್ಕರು. "ನಿನ್ನ ಧ್ವನಿ ನನಗ ಗೊತ್ತಿಲ್ಲೇನು? ನೀನ ಕರದಿ. ನಮ್ಮವ್ವ ಹೋದ ಮ್ಯಾಲೆ ಹಂಗ ಯಾರೂ ಕರದಿರ್ಲಿಲ್ಲ ನೋಡು." ಬಂದವರಿಗೆಲ್ಲ ಹೇಳುತ್ತಾರೆ, ಸೊಸೆ ಕರೆದು ಉಳಿಸಿದಳು ಎಂದು. ನಾನು ತಲೆ ತಗ್ಗಿಸಿ ಚಹಾ ಕೊಡುತ್ತೇನೆ. ಕರೆಯಬಾರದೆಂದು ನಿರ್ಧರಿಸಿದ ಗಳಿಗೆಯಲ್ಲೇ ನನ್ನ ದನಿ ಅವರನ್ನು ಕರೆಯಿತು ಎಂಬುದನ್ನು ಯಾರ ಮುಂದೆ ಹೇಳಲಿ?

ಈಗ ವಾರ್ನಿಂಗ್ ಬಂದರೆ ನಾನು ಆಕಾಶ ನೋಡುತ್ತ ನಿಲ್ಲುವುದಿಲ್ಲ. ಇಬ್ಬರೂ ಶೂ ಹಾಕಿಕೊಂಡೇ ಒಳಗೆ ಹೋಗುತ್ತೇವೆ. ಅತ್ತೆಯದು ಒಂದೇ ಬೇಡಿಕೆ. "ಎಬ್ಬಸುವಾಗ ಆವತ್ತ ಕರದಿದ್ಯಲ್ಲ, ಹಂಗ ಕರಿ." ನಾಲ್ಕು ಸಲ ಕೇಳಿದ್ದಾರೆ. ನಾಲ್ಕು ಸಲವೂ ನಾನು ಭುಜ ಮುಟ್ಟಿ ಎಬ್ಬಿಸಿದ್ದೇನೆ.

ಇನ್ನೊಂದು ಸಲ ಮಾಡಿ ತೋರಿಸಿ ಎಂದು ಊರಿಗೆಲ್ಲ ಹೇಳುವವಳು ನಾನು. ಇದನ್ನು ಪರೀಕ್ಷಿಸುವುದು ಬಲು ಸುಲಭ, ಅವರೆದುರು ನಿಂತು ಆ ಹೆಸರನ್ನು ಒಂದೇ ಒಂದು ಸಲ ಕರೆದರೆ ಸಾಕು. ಆದರೆ ಅತ್ತೆ ಕಣ್ಣು ತೆರೆದು, ನನ್ನನ್ನು ದಿಟ್ಟಿಸಿ, 'ಆವತ್ತ ಕರದದ್ದು ಈ ಧ್ವನಿ ಅಲ್ಲವಾ' ಎಂದುಬಿಟ್ಟರೆ?