ನನ್ನ ಗಿಟಾರು, ಅವರ ಬೆರಳು

ತಿರುವನಂತಪುರದಲ್ಲಿ ಓದುತ್ತಿದ್ದ ಮಗಳು ಒಂದು ಸಂಜೆ ಫೋನಿಗೆ ಹಾಡೊಂದನ್ನು ಕಳಿಸಿದಳು. ಕಾಲೇಜಿನ ಗೆಳೆಯರೆಲ್ಲ ಸೇರಿ ಕಟ್ಟಿಕೊಂಡ ಬ್ಯಾಂಡಿನಲ್ಲಿ ಹಾಡುಗಾರ್ತಿ ಇವಳೇ. ನಾನು ಕೊಚ್ಚಿಯ ಬ್ಯಾಂಕಿನಿಂದ ಆಗಷ್ಟೇ ಮನೆಗೆ ಬಂದಿದ್ದೆ. ಒಂದು ಷೂ ಬಿಚ್ಚಿ, ಇನ್ನೊಂದು ಕಾಲಲ್ಲೇ ಇಟ್ಟುಕೊಂಡು ಕೇಳಿದೆ. ಕೇಳಬೇಕಾದದ್ದು ಅವಳ ದನಿ. ಕಿವಿ ಹೋದದ್ದು ಅದರ ಕೆಳಗಿದ್ದ ಬಾಸ್ ಗಿಟಾರಿಗೆ. ದುಂಡಗೆ, ಬೆಚ್ಚಗೆ, ಎಲ್ಲಿ ಬೇಕೋ ಅಲ್ಲಿ ಮಾತ್ರ. ಯಾರಪ್ಪ ಈ ಪುಣ್ಯಾತ್ಮ ಎಂದು ಹಾಡಿನ ಕೆಳಗೆ ಅವಳು ಬರೆದದ್ದನ್ನು ಓದಿದೆ.

‘ನಮ್ಮ ಅಂಕಲ್’ ಎಂದು ಬರೆದಿದ್ದಳು. ನಮ್ಮ ಅಂತೆ! ಕಾಸರಗೋಡಿನ ಕಡೆಯ ಕನ್ನಡದವರು, ಹಿಂದೆ ಕೊಚ್ಚಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲೇ ಕೂತು ಕೆಲಸ ಮಾಡಿದವರು, ಈಗ ತಿರುವನಂತಪುರದ ಶಾಖೆಯಲ್ಲಿದ್ದಾರೆ. ಮಗಳನ್ನು ಕಾಲೇಜಿಗೆ ಸೇರಿಸಿದಾಗ, ಏನಾದರೂ ಬೇಕಾದರೆ ಇವರಿಗೆ ಫೋನ್ ಮಾಡು ಎಂದು ನಂಬರ್ ಕೊಟ್ಟವನೇ ನಾನು. ಜ್ವರ ಬಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ ಅಂತ ಕೊಟ್ಟಿದ್ದೆ. ನನ್ನ ಜಾಗದಲ್ಲಿ ನಿಂತು ಬಾಸ್ ನುಡಿಸಲಿ ಅಂತಲ್ಲ.

ಹೌದು, ಅದು ನನ್ನ ಜಾಗವೇ. ಅವಳು ಫ್ರಾಕು ಹಾಕಿಕೊಳ್ಳುತ್ತಿದ್ದ ಕಾಲದಿಂದ, ಕೊಚ್ಚಿ ಹತ್ತಿರದ ಅಂಬಲಮುಗಳ್‌ನ ನಮ್ಮ ಮನೆಯ ಹಾಲಿನಲ್ಲಿ ಅವಳು ಹಾಡುವುದು, ನಾನು ಬಾಸ್ ನುಡಿಸುವುದು. ಎಂದಾದರೂ ಒಂದು ದಿನ ವೇದಿಕೆಯ ಮೇಲೆ ಅವಳ ಪಕ್ಕದಲ್ಲಿ ನಿಲ್ಲಬೇಕು ಅನ್ನುವುದೊಂದೇ ನನ್ನ ಆಸೆ. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೆ ಮಾತ್ರ ಗೊತ್ತಿತ್ತು. ಆ ದಿನಕ್ಕಾಗಿಯೇ ಗಿಟಾರನ್ನು ತಿದ್ದುತ್ತಾ ಬಂದಿದ್ದೆ. ತಂತಿಯ ಕೆಳಗೆ ಇರುವ ಆಯಸ್ಕಾಂತದ ಪಿಕಪ್ಪುಗಳನ್ನು ಕಿತ್ತು ಹೊಸವನ್ನು ಕೂರಿಸಿದೆ. ತಂತಿ ಕಟ್ಟುವ ಸೇತುವೆ ಹಗುರವಾಯಿತೆಂದು ಭಾರದ ಹಿತ್ತಾಳೆಯದನ್ನು ಹಾಕಿದೆ. ಗೊಂಯ್ ಅನ್ನುವ ಸದ್ದು ಬರಬಾರದೆಂದು ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿದೆ. ಬೆಡ್‌ರೂಮಿನ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಸಿಕ್ಕಿಸಿಕೊಂಡು, ಮೀಟಿದ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳುತ್ತಾ ಕೂರುತ್ತಿದ್ದೆ. ‘ನೀವು ಒಂದು ಸಲ ಮೀಟಿದರೆ ನಾನು ಒಗ್ಗರಣೆ ಹಾಕಿ ಮುಗಿಸಿದ್ರೂ ಅದು ಕೂಗ್ತಾನೇ ಇರತ್ತೆ’ ಎಂದು ಹೆಂಡತಿ ಅಂದರೆ ನನಗೆ ಹೆಮ್ಮೆ.

ಮರುವಾರವೇ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ರೈಲು ಹತ್ತಿದೆ. ‘ಸುಮ್ನೆ ಅವಳನ್ನ ನೋಡ್ಕೊಂಡು ಬರ್ತೀನಿ’ ಎಂದೆ. ‘ಹೌದೌದು, ಹೋಗಿ ಬನ್ನಿ, ಅಲ್ಲಿ ಮುಖ ಊದಿಸಿಕೊಂಡು ಕೂರಬೇಡಿ’ ಎಂದಳು ಹೆಂಡತಿ.

ಪ್ರಾಕ್ಟೀಸು ನಡೆಯುತ್ತಿದ್ದದ್ದು ಆ ಅಂಕಲ್ ಮನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಮಗಳ ನಗು ಕೇಳಿಸಿತು. ‘ಎಂತ ಅಂಕಲ್, ನಿಮ್ಮದು ಯಾವಾಗಲೂ ಹೀಗೇ ಉಂಟಲ್ಲ!’ ಕನ್ನಡ! ಹುಟ್ಟಿದಾಗಿನಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಟ್ಟವಳು, ಗದರಿದರೆ ಇಂಗ್ಲಿಷಿಗೆ ಜಾರಿಕೊಳ್ಳುವವಳು, ಇವರ ಜೊತೆ ಕಾಸರಗೋಡಿನ ಕನ್ನಡ ಹೊಡೆಯುತ್ತಿದ್ದಾಳೆ. ಮೈಯೆಲ್ಲ ಉರಿದುಹೋಯಿತು. ನಗುತ್ತಲೇ ಒಳಗೆ ಹೋದೆ.

ಅವರ ಬಾಸನ್ನು ನೋಡಿದರೆ ಅಯ್ಯೋ ಅನ್ನಿಸಬೇಕು. ಕಂಪನಿಯಿಂದ ಬಂದದ್ದು ಬಂದ ಹಾಗೇ ಇದೆ, ಬಣ್ಣ ಬೇರೆ ಕೆತ್ತಿಹೋಗಿದೆ. ಸೇತುವೆಯ ಹತ್ತಿರ ತಂತಿಗಳ ಕೆಳಗೆ ಹಳದಿ ಸ್ಪಂಜಿನ ಒಂದು ತುಂಡನ್ನು ತುರುಕಿದ್ದರು. ‘ಚಾಲೈ ಪೇಟೆಯಲ್ಲಿ ಹಾಸಿಗೆ ಅಂಗಡಿಯವ ಕತ್ತರಿಸಿ ಬಿಸಾಡಿದ್ದು ಮಾರಾಯ್ರೆ’ ಎಂದರು. ಇಷ್ಟೇನಾ ಎಂದು ಮನಸ್ಸಿನಲ್ಲೇ ನಕ್ಕೆ.

‘ಒಂದು ಹಾಡು ನಾನು ನುಡಿಸಲಾ?’ ಎಂದೆ. ಹುಡುಗರು ಖುಷಿಯಿಂದ ಜಾಗ ಬಿಟ್ಟರು. ನನ್ನದು ಗುಡುಗಿತು, ಸ್ವಾಮಿ. ಕಿಟಕಿಯ ಗಾಜು ನಡುಗಿತು. ಡ್ರಮ್ಸಿನ ಹುಡುಗ ಹುಬ್ಬೇರಿಸಿದ. ನಾನು ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದೆ, ಹಾಗಾಗಿ ಅವಳು ಹಾಡು ನಿಲ್ಲಿಸಿದ್ದು ನನಗೆ ತಡವಾಗಿ ಗೊತ್ತಾಯಿತು.

‘ಅಪ್ಪಾ, ಇದು ನಿಲ್ಲೋದೇ ಇಲ್ಲ’ ಎಂದಳು. ಆ ಹೊತ್ತಿಗೆ ಸರಿಯಾಗಿ ಕನ್ನಡ ಬಂದಿತ್ತು ಅವಳಿಗೆ. ‘ನಾನು ಉಸಿರು ತಗೊಳ್ಳೋ ಜಾಗದಲ್ಲೂ ನೀನೇ ಇರ್ತೀಯ. ಮುಂದಿನ ಸಾಲು ಎಲ್ಲಿ ಶುರು ಮಾಡ್ಲಿ?’

ಸ್ವರ ಉಳಿಯಲಿ, ಇನ್ನೂ ಹೊತ್ತು ಉಳಿಯಲಿ ಎಂದೇ ಇಷ್ಟು ಕಾಲ ಒದ್ದಾಡಿದ್ದು. ಮುಚ್ಚಿದ ಕೋಣೆಯಲ್ಲಿ ನಾನೊಬ್ಬನೇ ಕೂತು ಕೇಳಿದ್ದೆ, ಅಲ್ಲಿ ಅವಳು ಇರಲಿಲ್ಲವಲ್ಲ.

‘ಗಿಟಾರು ಭಾರೀ ಒಳ್ಳೆದುಂಟು. ಸ್ವಲ್ಪ ನೋಡ್ಲಾ?’ ಎಂದು ಅವರು ಕೈ ಚಾಚಿದರು. ಕೊಡಲು ಮನಸ್ಸಿರಲಿಲ್ಲ, ಹುಡುಗರ ಮುಂದೆ ಇಲ್ಲವೆನ್ನಲೂ ಆಗಲಿಲ್ಲ. ನೆಲದ ಮೇಲೆ ಟವೆಲ್ ಹಾಸಿ ಮಲಗಿಸಿದರು. ಕತ್ತಿನೊಳಗಿನ ಕಬ್ಬಿಣದ ಸರಳನ್ನು ಒಂದಿಷ್ಟು ತಿರುಗಿಸಿ, ಇಲ್ಲಿನ ತೇವಕ್ಕೆ ಬಾಗಿದ್ದ ಕತ್ತನ್ನು ನೆಟ್ಟಗೆ ಮಾಡಿದರು. ತಂತಿಗೆ ಮುತ್ತಿಡುವಷ್ಟು ಹತ್ತಿರ ನಾನು ಏರಿಸಿದ್ದ ಪಿಕಪ್ಪುಗಳನ್ನು ಕೆಳಗಿಳಿಸಿದರು. ಕೊನೆಗೆ, ಸ್ವರ ಬೇಗ ಅಡಗಲೆಂದು, ತಮ್ಮ ಗಿಟಾರಿನಿಂದ ಆ ಸ್ಪಂಜನ್ನು ತೆಗೆದು ನನ್ನದಕ್ಕೆ ಸಿಕ್ಕಿಸಿದರು. ನಾನು ಪಕ್ಕದಲ್ಲಿ ನಿಂತು ಹಲ್ಲು ಕಡಿಯುತ್ತಾ ನೋಡುತ್ತಿದ್ದೆ. ಕೆಟ್ಟುಹೋಗಲಿ ಎಂದೂ ಹಾರೈಸಿದೆ, ಸುಳ್ಳು ಯಾಕೆ ಹೇಳಲಿ.

ಕೆಡಲಿಲ್ಲ. ಮೊದಲು ನಾನೇ ನುಡಿಸಿದೆ. ಮಗಳು ಹಾಡಿದಳು, ಮುಗಿದ ಮೇಲೆ ‘ಚೆನ್ನಾಗಿದೆ ಅಪ್ಪಾ’ ಎಂದಳು. ಊಟಕ್ಕೆ ಬಂದ ನೆಂಟರು ಸಾರು ಚೆನ್ನಾಗಿದೆ ಅನ್ನುತ್ತಾರಲ್ಲ, ಆ ದನಿಯಲ್ಲಿ. ಆಮೇಲೆ ಅದನ್ನೇ ಅವರು ನುಡಿಸಿದರು. ಅದೇ ಗಿಟಾರು, ಅದೇ ಹಾಡು. ಅವಳು ಮೈಕನ್ನು ಕೈಗೆ ತೆಗೆದುಕೊಂಡು ಅವರ ಕಡೆ ತಿರುಗಿ, ಅವರ ಬೆರಳನ್ನು ನೋಡುತ್ತಾ, ನಾನು ಎಂದೂ ಕೇಳಿರದ ಎತ್ತರಕ್ಕೆ ಹೋಗಿ ಸಲೀಸಾಗಿ ಇಳಿದು ಬಂದಳು. ಪಿಕಪ್ಪು ನನ್ನದು, ಹಿತ್ತಾಳೆ ನನ್ನದು, ತಾಮ್ರ ನನ್ನದು, ಮಗಳು ನನ್ನವಳು. ಆ ನಾದದಲ್ಲಿ ನಾನು ಮಾತ್ರ ಇರಲಿಲ್ಲ.

ಹೊರಡುವಾಗ ಮಗಳು ಗೇಟಿನವರೆಗೂ ಬಂದು ನನ್ನ ತೋಳು ಹಿಡಿದುಕೊಂಡಳು. ಅವರ ಬ್ಯಾಂಡಿನ ಪ್ರೋಗ್ರಾಮು ಹತ್ತಿರವಿತ್ತು, ಅದಕ್ಕೆ ನೀನೇ ನುಡಿಸಪ್ಪ ಅನ್ನುತ್ತಾಳೆ ಎಂದುಕೊಂಡು ಗಿಟಾರಿನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡೆ.

‘ಅಪ್ಪಾ, ಇದನ್ನ ಪ್ರೋಗ್ರಾಮ್ ಮುಗಿಯೋ ತನಕ ಇಲ್ಲೇ ಬಿಟ್ಟು ಹೋಗ್ತೀಯಾ? ಅಂಕಲ್ ಕೈಯಲ್ಲಿ ಎಷ್ಟು ಚೆನ್ನಾಗಿ ಕೇಳತ್ತೆ ಅಲ್ವಾ?’

‘ಇಟ್ಕೋ’ ಎಂದೆ. ಬೇರೆ ಏನು ಬಾಯಿಗೆ ಬಂದಿದ್ದರೂ ಜಗಳವಾಗುತ್ತಿತ್ತು. ಕೊಚ್ಚಿ ಮುಟ್ಟುವವರೆಗೂ ಹೆಗಲು ಖಾಲಿ ಖಾಲಿ ಅನ್ನಿಸುತ್ತಿತ್ತು. ಮನೆಗೆ ಬಂದು ಹೆಂಡತಿಯ ಮೇಲೆ ಸುಮ್ಮನೆ ರೇಗಿದೆ.

ಪ್ರೋಗ್ರಾಮು ತಿರುವನಂತಪುರದ ಕನ್ನಡದವರು ಸೇರಿ ಮಾಡಿದ್ದು. ಹೆಂಡತಿ ಹುಡುಗಿಯರಿಗೆ ಸೀರೆ ಉಡಿಸಲು ವೇದಿಕೆಯ ಹಿಂದೆ ಹೋಗಿದ್ದಳು. ನಾನು ಕೆಳಗೆ ಮೂರನೇ ಸಾಲಿನಲ್ಲಿ, ಒಬ್ಬನೇ. ಪಕ್ಕದಲ್ಲಿ ಮಂಗಳೂರು ಕಡೆಯ ಹೆಂಗಸೊಬ್ಬರು ಕೂತಿದ್ದರು, ಯಜಮಾನರಿಗೆ ವಿಳಿಂಜಂ ಬಂದರಿನಲ್ಲಿ ಕೆಲಸವಂತೆ. ಮಗಳು ಹಾಡತೊಡಗಿದಳು. ಒಂದು ಸಾಲಿನ ಕೊನೆಯಲ್ಲಿ ಅವಳು ಉಸಿರಿಗೆ ನಿಲ್ಲುವುದಕ್ಕೂ ಬಾಸ್ ನಿಲ್ಲುವುದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳು ಅವರ ಕಡೆ ತಿರುಗಿ ನಕ್ಕಳು. ನನ್ನ ಎಡಗೈ ಬೆರಳುಗಳು ಕುರ್ಚಿಯ ಕೈ ಮೇಲೆ ಆ ಸ್ವರಗಳನ್ನೇ ಒತ್ತುತ್ತಿದ್ದವು.

ಪಕ್ಕದ ಹೆಂಗಸು ನನ್ನ ಕಡೆ ಬಾಗಿ ಪಿಸುಗುಟ್ಟಿದರು: ‘ಆ ಗಿಟಾರಿನವರು ಹುಡುಗಿಯ ಅಪ್ಪ ಇರ್ಬೇಕಲ್ವಾ? ಹೇಗೆ ಅವಳ ಮುಖ ನೋಡಿಯೇ ನುಡಿಸ್ತಾರೆ ನೋಡಿ.’

‘ಅಲ್ಲ’ ಎಂದೆ. ‘ಗಿಟಾರ್ ಮಾತ್ರ ಅವಳ ಅಪ್ಪಂದು.’

‘ಹೌದಾ? ಪಾಪ, ಅಪ್ಪನಿಗೆ ಬರ್ಲಿಕ್ಕೆ ಆಗ್ಲಿಲ್ವಾ?’

‘ಬಂದಿದ್ದಾರೆ’ ಎಂದೆ.