ಅವಳ ಹೆಸರಿನ ಬೀಗ

ಕಟ್ಟಡ ಕಂಪನಿಯ ಆಫೀಸಿನಲ್ಲಿ ಅವಳನ್ನು ಎಲ್ಲರೂ ತಕರಾರಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಅವಳೂ ಸಂಕೋಚವಿಲ್ಲದೆ ಓಗೊಡುತ್ತಿದ್ದಳು. ಚಿಕ್ಕಂದಿನಲ್ಲಿ ಮಾಡದ ತಪ್ಪಿಗೆ ಬೆಂಚಿನ ಮೇಲೆ ನಿಲ್ಲು ಎಂದ ಮೇಷ್ಟರಿಗೆ ಬೆನ್ನು ತೋರಿಸಿ, ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಬಂದವಳು ಅವಳು. ಅವಳ ಅಕ್ಕ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾಳೆ. ಮದುವೆ ಮುರಿದುಕೊಂಡು ಬಂದ ಮೇಲೆ ಅವಳಿರುವುದು ಆ ಅಕ್ಕನ ಮನೆಯಲ್ಲೇ. ಅಕ್ಕ ಬಟ್ಟೆ ಹೊಲಿಯುತ್ತಾಳೆ, ತಂಗಿ ಆಫೀಸಿಗೆ ಹೋಗುತ್ತಾಳೆ, ಇಬ್ಬರೂ ಸಂಜೆ ಒಂದೇ ಸೋಫಾದಲ್ಲಿ ಕಾಲು ಚಾಚಿ ಜಗಳವಾಡುತ್ತಾರೆ.

ಕಂಪನಿ ಆಗ ಒಂದು ಆಸ್ಪತ್ರೆಗೆ ಹೊಸ ಕಟ್ಟಡ ಎಬ್ಬಿಸುತ್ತಿತ್ತು. ಯಾವ ಕೆಲಸ ಯಾವತ್ತು ಶುರುವಾಗಬೇಕು, ಯಾವುದು ಮುಗಿದ ಮೇಲೆ ಯಾವುದಕ್ಕೆ ಕೈ ಹಾಕಬೇಕು ಎಂಬ ಯೋಜನೆಯ ಫೈಲ್ ಅವಳ ಉಸ್ತುವಾರಿಯಲ್ಲಿತ್ತು. ಅದನ್ನು ಎಲ್ಲರೂ ಆನ್‌ಲೈನಿನಲ್ಲಿ ತೆರೆಯಬಹುದಿತ್ತು. ಆದರೆ ಒಬ್ಬರು ತಿದ್ದಲು ತೆರೆದಿದ್ದರೆ ಉಳಿದವರಿಗೆ ಅದು ಬೀಗ ಹಾಕಿದಂತೆ, ನೋಡಬಹುದು, ಮುಟ್ಟುವಂತಿಲ್ಲ. ಬೀಗ ಯಾರ ಕೈಯಲ್ಲಿದೆ ಎಂದು ಪರದೆಯ ಮೇಲೆ ಅವರ ಹೆಸರು ಬರುತ್ತಿತ್ತು.

ಕೆಲವು ವಾರಗಳಿಂದ ಯಾರು ತೆರೆದರೂ ಬರುತ್ತಿದ್ದದ್ದು ಅವಳ ಹೆಸರೇ.

ಅವಳಿಗೆ ಮಾತ್ರ ಫೈಲ್ ಸಲೀಸಾಗಿ ತೆರೆದುಕೊಳ್ಳುತ್ತಿದ್ದುದರಿಂದ ಉಳಿದವರ ಗೋಳು ಮೊದಮೊದಲು ಅವಳ ಕಿವಿಗೆ ಬೀಳಲಿಲ್ಲ. ಅವರು ಅವಳನ್ನು ಕೇಳುವ ಬದಲು ತಮ್ಮ ತಮ್ಮ ನಕಲು ಮಾಡಿಕೊಂಡು ಅದರಲ್ಲೇ ತಿದ್ದತೊಡಗಿದರು. ಸೈಟ್ ಎಂಜಿನಿಯರ್ ಜನರೇಟರ್ ಇಳಿಸುವ ದಿನವನ್ನು ಗೋಡೆ ಏಳುವುದಕ್ಕೆ ಮುಂಚಿನ ತಾರೀಖಿಗೆ ತಂದು ತನ್ನ ನಕಲಿನಲ್ಲಿ ಬರೆದ. ಕ್ರೇನಿನವನೂ ಲಾರಿಯವನೂ ಮೂಲ ಫೈಲಿನಲ್ಲಿ ನೋಡಿದ್ದು ಹಳೆಯ ತಾರೀಖು. ಜನರೇಟರ್ ಹೊತ್ತ ಲಾರಿಯೂ ಕ್ರೇನೂ ಬಂದು ನಿಲ್ಲುವಷ್ಟರಲ್ಲಿ, ಅದನ್ನು ಒಳಗೆ ಸಾಗಿಸಬೇಕಿದ್ದ ಕಡೆ ಗೋಡೆ ಎದ್ದು, ಗಾರೆಯೂ ಮೆತ್ತಿಯಾಗಿತ್ತು. ಆಸ್ಪತ್ರೆಯವರು ಕೆಂಡವಾದರು.

ಮ್ಯಾನೇಜರ್ ಅವಳನ್ನು ಕರೆಸಿದ. ಅಷ್ಟರಲ್ಲಾಗಲೇ ಆತ ಎಲ್ಲರಿಗೂ ಒಂದು ಮೇಲ್ ಕಳಿಸಿಯಾಗಿತ್ತು: ಯೋಜನಾ ವಿಭಾಗದವರು ಫೈಲನ್ನು ತಮ್ಮಲ್ಲೇ ಹಿಡಿದಿಟ್ಟುಕೊಂಡಿದ್ದರಿಂದ ಈ ಅಚಾತುರ್ಯ.

"ಆಸ್ಪತ್ರೆಯವರಿಗೆ ಒಂದು ಕ್ಷಮಾಪಣೆ ಬರೀರಿ ಮೇಡಂ. ಇಲ್ಲಿಗೆ ಮುಗಿಸಿಬಿಡೋಣ."

"ನಾನು ಹಿಡಿದಿಟ್ಟುಕೊಂಡಿಲ್ಲ ಸಾರ್. ಕೆಲಸ ಆದ ತಕ್ಷಣ ಮುಚ್ತೀನಿ."

"ಹೆಸರು ನಿಮ್ಮದೇ ಬರುತ್ತಲ್ಲ? ಕಂಪ್ಯೂಟರ್ ಏನು ಸುಳ್ಳು ಹೇಳುತ್ತಾ?"

"ಅದು ಹೇಳುತ್ತೋ ಬಿಡುತ್ತೋ, ನಾನಂತೂ ಹೇಳ್ತಿಲ್ಲ. ಬರೆಯಲ್ಲ."

ಸಂಜೆ ಅಕ್ಕ ಹೊಲಿಗೆ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು. "ಎರಡು ಸಾಲು ಬರೆದು ಬಿಸಾಕೇ. ನಿನ್ನ ಗಂಟೇನು ಹೋಗುತ್ತೆ?"

"ಮಾಡಿದ್ರೆ ನಾನೇ ಹೋಗಿ ಕಾಲು ಹಿಡೀತಿದ್ದೆ ಅಕ್ಕಾ. ಮಾಡದೇ ಇರೋದಕ್ಕೆ ಒಂದಕ್ಷರನೂ ಬರೆಯಲ್ಲ."

"ಆ ಮೇಷ್ಟರು ಪುಣ್ಯವಂತರು, ಬೇಗ ಪಾರಾದ್ರು," ಎಂದು ಅಕ್ಕ ಮತ್ತೆ ಮೆಷಿನ್ ತುಳಿದಳು.

ಮರುದಿನ ಬೆಳಿಗ್ಗೆ ಅವಳು ನೇರ ಮ್ಯಾನೇಜರ್ ಕೋಣೆಗೆ ಹೋಗಿ ಲ್ಯಾಪ್‌ಟಾಪನ್ನು ಆರಿಸಿ ಮೇಜಿನ ಮೇಲಿಟ್ಟಳು. ಫೋನನ್ನೂ ಆರಿಸಿ ಅದರ ಮೇಲಿಟ್ಟಳು.

"ಎರಡನ್ನೂ ನಿಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ ಸಾರ್. ಕೀ ನಿಮ್ಮ ಜೇಬಲ್ಲೇ ಇರಲಿ. ನಾನು ಇಲ್ಲೇ ನಿಮ್ಮ ಕಣ್ಣೆದುರಿಗೆ ಕೂತಿರ್ತೀನಿ. ಇವತ್ತೂ ನನ್ನ ಹೆಸರು ಬಂದ್ರೆ ಏನು ಹೇಳ್ತೀರೋ ನೋಡೋಣ."

"ಇದೇನ್ರೀ, ಧರಣಿನಾ?"

"ನೀವು ಹಾಗಂದ್ರೆ ಹಾಗೇ."

ಆತನಿಗೆ ನಗಬೇಕೋ ಸಿಡುಕಬೇಕೋ ತಿಳಿಯಲಿಲ್ಲ. ಕಡೆಗೆ ಬೀರುವಿಗೆ ಬೀಗ ಹಾಕಿದ. ಅವಳು ಎದುರಿನ ಕುರ್ಚಿಯಲ್ಲಿ ಗೂಟ ಹೊಡೆದಂತೆ ಕೂತಳು. ಬಂದವರೆಲ್ಲ ಒಮ್ಮೆ ಅವಳನ್ನು, ಒಮ್ಮೆ ಆತನನ್ನು ನೋಡಿ ಹೊರಟುಹೋದರು. ಒಳಗೊಳಗೇ ಅವಳಿಗೂ ಒಂದು ಅಳುಕಿತ್ತು. ಇವತ್ತೊಂದು ದಿನ ಬೀಗ ತಾನಾಗಿ ಬಿಟ್ಟುಹೋದರೆ? ಆಗ ಅವಳ ಮಾತಿಗೆ ಮೂರು ಕಾಸಿನ ಬೆಲೆ ಉಳಿಯುತ್ತಿರಲಿಲ್ಲ.

ಊಟದ ಹೊತ್ತಿಗೆ ಸೈಟ್ ಎಂಜಿನಿಯರ್ ಬಾಗಿಲಲ್ಲಿ ತಲೆ ಹಾಕಿದ. "ಸಾರ್, ಫೈಲ್ ಇವತ್ತೂ ಲಾಕ್ ಆಗೇ ಇದೆ. ಮೇಡಂ ಹೆಸರೇ ತೋರಿಸ್ತಿದೆ."

ಮ್ಯಾನೇಜರ್ ತನಗೇ ಅರಿವಿಲ್ಲದೆ ಜೇಬು ಮುಟ್ಟಿ ನೋಡಿಕೊಂಡ. ಕೀ ಅಲ್ಲೇ ಇತ್ತು.

ಕಂಪ್ಯೂಟರ್ ನೋಡಿಕೊಳ್ಳುವವನಿಗೆ ಬುಲಾವ್ ಹೋಯಿತು. ಅವನು ತನ್ನ ಪರದೆಯಲ್ಲಿ ಏನೇನೋ ತೆರೆದು ನೋಡಿ, "ಮೇಡಂ ಹೆಸರಲ್ಲಿ ಎರಡು ಮೆಷಿನ್ ಇವೆ. ಒಂದು ಬೀರುವಿನಲ್ಲಿದೆ. ಇನ್ನೊಂದು ಈಗಲೂ ಓಡ್ತಿದೆ, ಇದೇ ಕಟ್ಟಡದಲ್ಲಿ," ಎಂದ. ಅವಳು ಆಗಲೇ ಎದ್ದು ನಿಂತಿದ್ದಳು. ಎಲ್ಲರೂ ಒಂದೊಂದೇ ಕೋಣೆ ಹುಡುಕುತ್ತ ಹೊರಟರು. ಮೀಟಿಂಗ್ ಕೋಣೆಯ ಗೋಡೆಯಲ್ಲಿ ದೊಡ್ಡ ಟೀವಿ. ಅದರ ತುಂಬ ಅವಳ ಯೋಜನೆಯ ಬಣ್ಣಬಣ್ಣದ ಗೆರೆಗಳು. ಟೀವಿಯ ಹಿಂದೆ ಧೂಳು ಹಿಡಿದು ಕೂತಿತ್ತು, ಅವಳು ಹೊಸದು ಬಂದಾಗ ವಾಪಸು ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪ್.

"ಇದನ್ನ ಅಳಿಸಿ ಹೊಸದಾಗಿ ಮಾಡಿ ಇಡೋಕೆ ಅಂತ ಕೊಟ್ಟಿದ್ದೆ," ಎಂದಳು.

ಕಂಪ್ಯೂಟರಿನವನು ಮ್ಯಾನೇಜರನ ಮುಖ ನೋಡಿದ. "ಅಳಿಸೋಕೆ ಪುರುಸೊತ್ತೆಲ್ಲಿ ಕೊಟ್ರಿ ಸಾರ್? ಆಸ್ಪತ್ರೆಯವರು ನೋಡೋಕೆ ಬರ್ತಾರೆ, ಈಗಲೇ ಟೀವಿಗೆ ಸಿಕ್ಕಿಸು, ಯಾವತ್ತೂ ಆರಿಸಬೇಡ ಅಂದ್ರಿ. ಮೇಡಂ ಲಾಗಿನ್ನಲ್ಲೇ ಫೈಲ್ ತೆರೆದಿಟ್ಟೆ."

ಮ್ಯಾನೇಜರನ ಮುಖ ಹುಳ್ಳಗಾಯಿತು. "ಸರಿ ಬಿಡಿ, ಯಾರದ್ದೂ ತಪ್ಪಲ್ಲ. ಏನೋ ತಾಂತ್ರಿಕ ತೊಂದರೆ."

"ನಿನ್ನೆ ನನ್ನದಾಗಿತ್ತು, ಇವತ್ತು ಯಾರದ್ದೂ ಅಲ್ಲವಾ?" ಎಂದಳು ಅವಳು. "ನಿಮ್ಮ ಮೇಲ್ ಯಾರ್ಯಾರಿಗೆ ಹೋಗಿದೆಯೋ ಅವರಿಗೆಲ್ಲ ನಡೆದದ್ದು ಏನು ಅಂತ ತಿಳಿಸಿ."

"ಅದೆಲ್ಲ ಯಾಕೆ ಕೆದಕ್ತೀರಿ?"

"ನೀವು ಕಳಿಸದಿದ್ರೆ ನಾನು ಕಳಿಸ್ತೀನಿ."

ಬೀರುವಿನಿಂದ ಲ್ಯಾಪ್‌ಟಾಪ್ ಬಿಡಿಸಿಕೊಂಡು ಅಲ್ಲೇ ಕೂತು ಕಳಿಸಿಯೂ ಬಿಟ್ಟಳು. ಯಾರನ್ನೂ ಹೀಗಳೆಯಲಿಲ್ಲ. ಹಳೆಯ ಯಂತ್ರ ಎಲ್ಲಿತ್ತು, ಯಾರು ಇಡಿಸಿದರು, ಬೀಗ ಯಾಕೆ ಬಿತ್ತು, ಅಷ್ಟನ್ನೇ ಬರೆದಳು. ಕೊನೆಯಲ್ಲಿ, ಎಲ್ಲರೂ ನಕಲುಗಳನ್ನು ಅಳಿಸಿ ಮೂಲ ಫೈಲಿನಲ್ಲೇ ಬರೆಯಿರಿ, ಬರೆದಾದ ಮೇಲೆ ಮುಚ್ಚಿ, ಎಂದು ಸೇರಿಸಿದಳು. ಆಸ್ಪತ್ರೆಯವರಿಗೂ ಅದೇ ಹೋಯಿತು. ಗೋಡೆ ಒಡೆದು ಜನರೇಟರನ್ನು ಒಳಗಿಳಿಸಿದ ಮೇಲೆ ಅವರೂ ತಣ್ಣಗಾದರು.

ಮುಂದಿನ ವಾರ ಮ್ಯಾನೇಜರ್ ಅವಳ ಮೇಜನ್ನು ಸೈಟಿನ ತಗಡಿನ ಶೆಡ್ಡಿಗೆ ಹಾಕಿಸಿದ. ಕೆಲಸಕ್ಕೆ ಹತ್ತಿರವಿರಲಿ ಎಂಬ ನೆಪ. ಮಧ್ಯಾಹ್ನ ಅಲ್ಲಿ ಕಾದ ಬಾಣಲೆಯೊಳಗೆ ಕೂತ ಹಾಗಾಗುತ್ತದೆ. ಸಿಮೆಂಟಿನ ಪುಡಿ ಕೀಬೋರ್ಡಿನ ಸಂದಿಗೆಲ್ಲ ಸೇರುತ್ತದೆ. ಅವಳು ಒಂದು ಫ್ಯಾನ್ ಕೇಳಿದಳು. ಕೊಡದಿದ್ದಾಗ ಮನೆಯಿಂದಲೇ ತಂದಿಟ್ಟುಕೊಂಡಳು. ಪ್ಲಂಬರ್, ಎಲೆಕ್ಟ್ರಿಷಿಯನ್, ಗಾರೆಯವರು ಎಲ್ಲರೂ ಆ ಫ್ಯಾನಿನ ಗಾಳಿಗೆ ಬಂದು ನಿಲ್ಲುತ್ತಾರೆ, ಹಾಗೆಯೇ ತಮ್ಮ ತಮ್ಮ ತಾರೀಖು ಬರೆಸಿ ಹೋಗುತ್ತಾರೆ. ಯೋಜನೆ ಹಿಂದೆಂದೂ ಇಷ್ಟು ಸರಿಯಾಗಿ ಇದ್ದದ್ದಿಲ್ಲ.

ಮೊನ್ನೆ ಮ್ಯಾನೇಜರ್ ಸೈಟ್ ಎಂಜಿನಿಯರ್ ಕೈಲಿ ಹೇಳಿ ಕಳಿಸಿದ: ಬೇಕಾದರೆ ಮೇಡಂ ಆಫೀಸಿಗೆ ವಾಪಸು ಬರಬಹುದು.

"ನನ್ನ ಹೆಸರಿಗೆ ಹಚ್ಚಿದ ಮಸಿಗೆ ಒಂದು ಮಾತು ಕ್ಷಮೆ ಕೇಳಲಿ, ಬರ್ತೀನಿ," ಎಂದಳು. "ಅಲ್ಲಿವರೆಗೂ ನನಗಿಲ್ಲೇ ಗಾಳಿ ಚೆನ್ನಾಗಿದೆ ಅನ್ನಿ."

ಆತ ಇನ್ನೂ ಕೇಳಿಲ್ಲ. ಅವಳೂ ಹೋಗಿಲ್ಲ.